ಸು ಫ್ರಮ್ ಸೋ ನೋಡಿ, ಮಿಥ್ಯ ಮಾತ್ರ ಬಿಡಲೇಬೇಡಿ

ನೀವು ಕೇಳಿದ್ದು ಇಷ್ಟು: ಇತ್ತೀಚೆಗೆ ನೋಡಿದ ಸಿನಿಮಾಗಳಲ್ಲಿ ಯಾವುದು ಹಿಡಿಸಿತು? ಮಂಗಳೂರು, ಉಡುಪಿ ಕಡೆಯ ಸಿನಿಮಾಗಳಿಗೆ ಯಾಕೆ ಇಷ್ಟು ಹೆಸರು? ಬಳ್ಳಾರಿಯಲ್ಲಿ ಬೆಳೆದ ನಿಮಗೆ ಆ ಭಾಷೆ ಅರ್ಥ ಆಗುತ್ತದಾ? ನಾನು ಉಡುಪಿಯವಳು, ಕೆಲಸ ಮಂಗಳೂರಿನಲ್ಲಿ. ಭಾನುವಾರ ಸಿನಿಮಾಕ್ಕೆ ಹೋಗುವುದು ನನಗೂ ಅಮ್ಮನಿಗೂ ಮೊದಲಿನಿಂದ ಇರುವ ರೂಢಿ. ಹಾಗಾಗಿ ಅನಿಸಿದ್ದನ್ನು ಅನಿಸಿದ ಹಾಗೆ ಹೇಳುತ್ತೇನೆ.

ಜಾಸ್ತಿ ನಗಿಸಿದ್ದು ‘ಸು ಫ್ರಮ್ ಸೋ’. ಜಾಸ್ತಿ ಕಾಡಿದ್ದು ‘ಮಿಥ್ಯ’. ಎರಡೂ 2025ರಲ್ಲಿ ಬಂದವು. ಒಂದನ್ನು ಊರಿಗೆ ಊರೇ ನೋಡಿತು. ಇನ್ನೊಂದಕ್ಕೆ ಜನವೇ ಬರಲಿಲ್ಲ.

‘ಸು ಫ್ರಮ್ ಸೋ’ ಅಂದರೆ ಸೋಮೇಶ್ವರದ ಸುಲೋಚನಾ. ಸೋಮೇಶ್ವರ ಉಳ್ಳಾಲದ ಪಕ್ಕ, ಕಡಲ ದಡದಲ್ಲೇ ದೇವಸ್ಥಾನ ಇರುವ ಊರು. ಕಥೆ ನಡೆಯುವುದು ಬೇರೆ ಹಳ್ಳಿಯಲ್ಲಿ. ಅಶೋಕ ಅನ್ನುವ ಹುಡುಗ ಮಾನ ಹೋಗುವಂಥ ಹೊತ್ತಲ್ಲಿ ಸಿಕ್ಕಿಬೀಳುತ್ತಾನೆ. ತಪ್ಪಿಸಿಕೊಳ್ಳಲು ಮೈಮೇಲೆ ಯಾರೋ ಬಂದ ಹಾಗೆ ಆಡುತ್ತಾನೆ. ಅದು ಸುಲೋಚನಾಳ ದೆವ್ವ ಅಂತ ಊರವರು ನಂಬಿಬಿಡುತ್ತಾರೆ. ಅಲ್ಲಿಂದ ಮುಂದೆ ಅದು ಅವನ ಕೈಯಲ್ಲಿ ಉಳಿಯುವುದಿಲ್ಲ. ನಿರ್ದೇಶಕ ಜೆ.ಪಿ. ತೂಮಿನಾಡು ಅವರೇ ಅಶೋಕನ ಪಾತ್ರ ಮಾಡಿದ್ದಾರೆ.

ಈ ಸಿನಿಮಾದಲ್ಲಿ ದೊಡ್ಡ ಹೀರೋ ಇಲ್ಲ. ನನಗೆ ಹಿಡಿಸಿದ್ದೂ ಅದೇ. ಶನೀಲ್ ಗೌತಮ್ ಮಾಡಿರುವ ರವಿಯಣ್ಣನನ್ನು ನೋಡಿ. ಮದುವೆ ಮನೆ ಇರಲಿ, ಸಾವಿನ ಮನೆ ಇರಲಿ, ರಾತ್ರಿ ಯಾರನ್ನೋ ಆಸ್ಪತ್ರೆಗೆ ಸೇರಿಸುವುದಿರಲಿ, ಮುಂದೆ ನಿಲ್ಲುವ ಅಂಥ ಒಬ್ಬ ಅಣ್ಣ ನಮ್ಮ ಪ್ರತಿ ಊರಿನಲ್ಲೂ ಉಂಟು. ಎರಡನೇ ಸಲ ನೋಡುವಾಗ ಮಾತಾಡುವವರನ್ನು ಬಿಟ್ಟು, ಅವರ ಹಿಂದೆ ನಿಂತವರ ಮುಖ ನೋಡಿ. ಯಾರೂ ಸುಮ್ನೆ ನಿಂತಿರುವುದಿಲ್ಲ. ಒಬ್ಬರು ಮಾತಾಡಿದರೆ ಉಳಿದವರು ನಿಜವಾಗಿ ಕೇಳಿಸಿಕೊಳ್ಳುತ್ತಾರೆ, ಕಣ್ಣಲ್ಲೇ ಉತ್ತರ ಕೊಡುತ್ತಾರೆ. ಅಮ್ಮ ಅರ್ಧ ಸಿನಿಮಾದಲ್ಲೇ ನನ್ನ ತೋಳು ತಿವಿದು, “ಇವರೆಲ್ಲ ನಮ್ಮ ವಠಾರದವರೇ ಅಲ್ವಾ?” ಅಂದಳು.

ಎರಡನೇ ಅರ್ಧ ಸ್ವಲ್ಪ ಎಳೆದರು ಅಂತ ನನ್ನ ಆಫೀಸಿನಲ್ಲಿ ಸುಮಾರು ಜನ ಹೇಳಿದರು. ನಾನು ಒಪ್ಪುವುದಿಲ್ಲ. ರಾಜ್ ಬಿ. ಶೆಟ್ಟಿ ಗುರೂಜಿಯಾಗಿ ಬರುವ ಭಾಗ ಕಡಿಮೆ ಮಾಡಬಹುದಿತ್ತು, ಅದು ನಿಜ. ಆದರೆ ಅಷ್ಟು ಹೊತ್ತು ಸುಲೋಚನಾ ಅಂತ ಹೆಸರು ಹಿಡಿದು ಎಲ್ಲರೂ ಹೆದರುತ್ತಾರೆ, ನಾವು ನಗುತ್ತೇವೆ. ಆ ಹೆಂಗಸು ಯಾರು, ಅವಳ ಮನೆಯಲ್ಲಿ ಯಾರಿದ್ದಾರೆ ಅಂತ ಯಾರೂ ಕೇಳಿರುವುದಿಲ್ಲ. ಸಂಧ್ಯಾ ಅರಕೆರೆ ಅವರ ಪಾತ್ರ ಬಂದ ಮೇಲೆ ಸಿನಿಮಾ ಅದನ್ನು ಕೇಳುತ್ತದೆ. ನನ್ನ ಸಾಲಿನಲ್ಲಿ ಕೂತ ಹೆಂಗಸರೆಲ್ಲ ಆಗ ಒಮ್ಮೆಲೇ ಸುಮ್ಮನಾದರು. ಅದು ಇಲ್ಲದಿದ್ದರೆ ಬರೀ ತಮಾಷೆ ಆಗಿ ಮುಗಿಯುತ್ತಿತ್ತು.

ಮತ್ತೆ ಈ ಕಡೆಯವರು ಯಾಕೆ ಇಷ್ಟು ಸಹಜವಾಗಿ ನಟಿಸುತ್ತಾರೆ ಅನ್ನುವುದು. ನನ್ನ ಪ್ರಕಾರ ಅದಕ್ಕೆ ದೊಡ್ಡ ಕಾರಣ ತುಳು ನಾಟಕ. ಸಿನಿಮಾ ಸಿಗುವ ಮೊದಲು ಇವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಸ್ಟೇಜಿನ ಮೇಲೆ ದುಡಿದವರು. ಮಳೆಗಾಲ ಮುಗಿದ ಮೇಲೆ ಇಲ್ಲಿ ನಾಟಕದ ಸೀಸನ್ ಶುರು. ಜಾತ್ರೆಗೆ ಒಂದು, ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ಒಂದು, ಶಾಲೆಯ ಮೈದಾನದಲ್ಲಿ ಇನ್ನೊಂದು. ಸ್ಟೇಜಿನ ಮೇಲಿಂದ ಮೈಕ್ ನೇತು ಬಿಟ್ಟಿರುತ್ತಾರೆ. ನಟ ಆ ಮೈಕಿನ ಕೆಳಗೆ ಬಂದು ಸರಿಯಾದ ಹೊತ್ತಿಗೆ ಮಾತು ಬಿಡಬೇಕು. ಜನ ನಗುವಾಗ ನಿಲ್ಲಿಸಬೇಕು, ನಗು ಇಳಿಯುವಾಗ ಮುಂದಿನ ಮಾತು ಎತ್ತಬೇಕು. ಎದುರಿಗೆ ಮಕ್ಕಳು ಓಡುತ್ತಿರುತ್ತಾರೆ, ಹಿಂದೆ ಚರುಮುರಿ ಗಾಡಿ, ನೋಡುವವರು ಯಾವಾಗ ಬೇಕಾದರೂ ಎದ್ದು ಹೋಗಬಹುದು. ಅಂಥ ಜನರನ್ನು ನಡುರಾತ್ರಿಯವರೆಗೆ ಕೂರಿಸಿದವರಿಗೆ ಕ್ಯಾಮರಾ ಎದುರು ಹೆದರಿಕೆ ಯಾಕೆ ಆಗುತ್ತದೆ ಹೇಳಿ. ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್, ಈ ತುಳು ನಾಟಕದ ನಟರು ಅಂದರೆ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅವರ ಹೆಸರು ಘಟ್ಟದ ಮೇಲೆ ಇನ್ನೂ ಜಾಸ್ತಿ ಕೇಳಬೇಕು ಅಂತ ನನ್ನ ಆಸೆ.

ಪ್ರಕಾಶ್ ತೂಮಿನಾಡು ಅವರನ್ನು ನೀವು ನೋಡಿಯೇ ಇರುತ್ತೀರಿ. ರಿಷಬ್ ಶೆಟ್ಟಿ ನಿರ್ದೇಶಿಸಿದ ಕಾಸರಗೋಡಿನ ಸರ್ಕಾರಿ ಶಾಲೆಯ ಸಿನಿಮಾದಲ್ಲಿ, ‘ಕಾಂತಾರ’ದಲ್ಲಿ, ಈಗ ‘ಸು ಫ್ರಮ್ ಸೋ’ದಲ್ಲಿ. ಅವರು ತೆರೆಗೆ ಬಂದರೆ ಸಾಕು, ಜನ ನಗಲು ಶುರು ಮಾಡುತ್ತಾರೆ. ಅದೇ ಮನುಷ್ಯ ‘ಮಿಥ್ಯ’ದಲ್ಲಿ ನಗಿಸಲು ನೋಡುವುದೇ ಇಲ್ಲ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬಯಿಯಿಂದ ಉಡುಪಿಗೆ, ಚಿಕ್ಕಮ್ಮನ ಮನೆಗೆ ಬರುತ್ತಾನೆ. ಪ್ರಕಾಶ್ ಆ ಮನೆಯ ಯಜಮಾನ. ಹುಡುಗನಿಗೆ ಏನು ಹೇಳಬೇಕು ಅಂತ ಆ ಮನುಷ್ಯನಿಗೆ ಗೊತ್ತಾಗುವುದಿಲ್ಲ, ಆದರೂ ಕೈ ಬಿಡುವುದಿಲ್ಲ. ಹೆಚ್ಚು ಮಾತಿಲ್ಲದೆ ಅದನ್ನು ತೋರಿಸಿದ್ದಾರೆ. ರೂಪಾ ವರ್ಕಾಡಿ ಚಿಕ್ಕಮ್ಮನಾಗಿ ಅಷ್ಟೇ ಚೆನ್ನಾಗಿ ಮಾಡಿದ್ದಾರೆ.

ಹುಡುಗನ ಪಾತ್ರ ಆತಿಶ್ ಶೆಟ್ಟಿಯದು. ಸಿನಿಮಾದ ಮಕ್ಕಳು ಅಂದರೆ ಒಂದೋ ತೀರಾ ಚೂಟಿ, ಇಲ್ಲದಿದ್ದರೆ ಅಳುವವರು. ಇವನು ಎರಡೂ ಅಲ್ಲ. ಸಿಟ್ಟು ಒಳಗೇ ಇಟ್ಟುಕೊಂಡು ತಿರುಗುತ್ತಾನೆ. ದೊಡ್ಡವರು ಅವನ ಅಪ್ಪ ಅಮ್ಮನ ವಿಷಯ ಮಾತಾಡುವುದು ಅವನ ಕಿವಿಗೂ ಬೀಳುತ್ತದೆ. ನಮ್ಮ ಮನೆಗಳಲ್ಲಿ ನಡೆಯುವುದೂ ಹೀಗೇ ಅಲ್ವಾ? ಮಗುವಿಗೆ ಗೊತ್ತಾಗುವುದಿಲ್ಲ ಅಂದುಕೊಂಡು ಪಕ್ಕದ ಕೋಣೆಯಲ್ಲಿ ಎಲ್ಲ ಮಾತಾಡುತ್ತೇವೆ. ನಿರ್ದೇಶಕ ಸುಮಂತ್ ಭಟ್ ಎಲ್ಲಿಯೂ ಸಂಗೀತ ಜೋರು ಮಾಡಿ ಅಳಿಸಲು ಹೋಗಿಲ್ಲ. ಉಡುಪಿಯನ್ನೂ ಟೂರಿಸ್ಟ್ ಜಾಗದ ಹಾಗೆ ತೋರಿಸಿಲ್ಲ. ಜನ ಬದುಕುವ ಸಾಧಾರಣ ಊರು ಅದು. ನಾನು ಹುಟ್ಟಿ ಬೆಳೆದ ಊರನ್ನು ತೆರೆಯ ಮೇಲೆ ಹಾಗೆ ನೋಡಿದ್ದು ಬಹಳ ಕಡಿಮೆ.

ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ಇದನ್ನು ನಿರ್ಮಿಸಿದೆ. ಮಾರ್ಚ್‌ನಲ್ಲಿ ಬಿಡುಗಡೆ ಆಯಿತು. ನಾನು ನೋಡಿದ ಶೋನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಅಕ್ಕನಿಗೆ ಫೋನ್ ಮಾಡಿ ಮಕ್ಕಳನ್ನು ಕರೆದುಕೊಂಡು ಹೋಗು ಅಂದೆ. ಅವಳು ಹೋಗುವಷ್ಟರಲ್ಲಿ ಶೋ ತೆಗೆದಿದ್ದರು. ನನಗೆ ತುಂಬಾ ಬೇಸರ ಆಯಿತು, ಇವತ್ತಿಗೂ ಉಂಟು. ‘ಸು ಫ್ರಮ್ ಸೋ’ಗೂ ಶುರುವಿನಲ್ಲಿ ದೊಡ್ಡ ಪ್ರಚಾರ ಇರಲಿಲ್ಲ. ನೋಡಿದವರು ನೋಡದವರಿಗೆ ಹೇಳಿ ಹೇಳಿಯೇ ಅದು ನೂರು ಕೋಟಿ ದಾಟಿತು. ಹಾಗೆ ಬಾಯಿಂದ ಬಾಯಿಗೆ ಹರಡಲು ಒಂದೆರಡು ವಾರ ಬೇಕು. ನಗುವಿನ ಸಿನಿಮಾ ಆ ಎರಡು ವಾರ ತಡೆದುಕೊಳ್ಳುತ್ತದೆ, ಮೆಲುದನಿಯ ಸಿನಿಮಾಕ್ಕೆ ಆ ಸಮಯ ಸಿಗುವುದೇ ಇಲ್ಲ. ಅದಕ್ಕೇ ಯಾರು ಕೇಳಿದರೂ ನಾನು ಮೊದಲು ಹೇಳುವುದು ‘ಮಿಥ್ಯ’ದ ಹೆಸರು.

‘ಕಾಂತಾರ ಚಾಪ್ಟರ್ 1’ ಬಗ್ಗೆ ಹೇಳದಿದ್ದರೆ ಕೇಳುತ್ತೀರಿ. 2025ರ ಅಕ್ಟೋಬರ್ 2ಕ್ಕೆ ಬಂತು, ನಾವು ಮನೆಮಂದಿ ಎಲ್ಲ ಹೋದೆವು. ಕಾಡು, ಕಾಳಗ, ಅಜನೀಶ್ ಲೋಕನಾಥ್ ಅವರ ಸಂಗೀತ, ಎಲ್ಲವೂ ದೊಡ್ಡ ತೆರೆಯಲ್ಲೇ ನೋಡಬೇಕಾದದ್ದು. ರುಕ್ಮಿಣಿ ವಸಂತ್ ಅವರ ಪಾತ್ರ ಚೆನ್ನಾಗಿದೆ. ಆದರೂ 2022ರ ‘ಕಾಂತಾರ’ವೇ ನನಗೆ ಹೆಚ್ಚು ಹತ್ತಿರ. ಅದರಲ್ಲಿ ಮೀನು ಸಾರು, ಕಂಬಳದ ಜಗಳ, ಅಮ್ಮ ಮಗನ ಬೈಗುಳ ಇತ್ತು. ಕೋಲದ, ಅಂದರೆ ದೈವಾರಾಧನೆಯ, ದೃಶ್ಯಕ್ಕೆ ಬರುವ ಹೊತ್ತಿಗೆ ಆ ಊರಿನ ಪ್ರತಿಯೊಬ್ಬರೂ ನಮಗೆ ಪರಿಚಯ ಆಗಿರುತ್ತಾರೆ. ಹೊಸದು ಕದಂಬರ ಕಾಲದ ರಾಜ ಮಹಾರಾಜರ ಕಥೆ. ಬೆರಗು ಜಾಸ್ತಿ, ಸಲಿಗೆ ಕಡಿಮೆ.

ಇನ್ನೊಂದು ಮಾತು, ಇದು ಸಿನಿಮಾದ ತಪ್ಪಲ್ಲ. ಕೆಲವರು ದೈವದ ವೇಷ ಹಾಕಿಕೊಂಡು ಥಿಯೇಟರಿಗೆ ಬಂದರು, ಮೈಮೇಲೆ ಬಂದ ಹಾಗೆ ಆಡಿದರು. ಹಾಗೆ ಮಾಡಬೇಡಿ ಅಂತ ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ದಯವಿಟ್ಟು ನೀವೂ ನಿಮ್ಮ ಸ್ನೇಹಿತರಿಗೆ ತಿಳಿಸಿ. ಪಂಜುರ್ಲಿ, ಗುಳಿಗ ನಾವು ನಂಬುವ ದೈವಗಳು, ನಮಗೆ ಸಿನಿಮಾದ ಪಾತ್ರ ಅಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಅಮ್ಮ ಹರಕೆ ಹೇಳಿಕೊಳ್ಳುವುದು ಅಲ್ಲಿಗೆ. ಕೋಲ ಕಟ್ಟುವವರು ಅದಕ್ಕೆ ಎಷ್ಟು ನಿಯಮದಲ್ಲಿ ಇರುತ್ತಾರೆ ಅಂತ ಹತ್ತಿರದಿಂದ ಕಂಡವರಿಗೆ ಆ ವಿಡಿಯೋಗಳನ್ನು ನೋಡುವುದೇ ಕಷ್ಟ.

ಹಳೆಯದರಲ್ಲಿ ಎರಡು ಸಾಕು. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’, 2014ರದ್ದು. ಮಲ್ಪೆಯ ಸುತ್ತಮುತ್ತ ನಡೆದ ಒಂದು ಘಟನೆಯನ್ನು ಬೇರೆ ಬೇರೆಯವರು ಕಂಡ ಹಾಗೆ ಹೇಳುವ ಸಿನಿಮಾ. ತಾರಾ ಅವರ ರತ್ನಕ್ಕನಿಗಾಗಿಯಾದರೂ ನೋಡಿ. ಅದೂ ಥಿಯೇಟರಿನಲ್ಲಿ ಓಡಲಿಲ್ಲ, ಆಮೇಲೆ ಜನ ಹುಡುಕಿ ಹುಡುಕಿ ನೋಡಿದರು. ಇನ್ನೊಂದು 2021ರ ‘ಗರುಡ ಗಮನ ವೃಷಭ ವಾಹನ’, ಮಂಗಳೂರಿನ ಮಂಗಳಾದೇವಿ ಕಡೆಯ ರೌಡಿಗಳ ಕಥೆ. ರಕ್ತಪಾತ ಜಾಸ್ತಿ, ಮಕ್ಕಳ ಜೊತೆ ಬೇಡ. ಅದರಲ್ಲಿ ರಾಜ್ ಬಿ. ಶೆಟ್ಟಿ ಮಳೆಯಲ್ಲಿ ಒಬ್ಬರೇ ಹುಲಿವೇಷದ ಹೆಜ್ಜೆ ಹಾಕುತ್ತಾರೆ. ನವರಾತ್ರಿಯಲ್ಲಿ ಹುಲಿವೇಷದ ತಾಸೆ ವಾದ್ಯದ ಸದ್ದು ಕೇಳಿ ಬೆಳೆದ ನಮಗೆ ಆ ಹೆಜ್ಜೆ ಅಂದರೆ ಹಬ್ಬ. ಅದನ್ನೇ ನೋಡಿ ಹೆದರಿಕೆ ಆದದ್ದು ಅದೇ ಮೊದಲು.

ಭಾಷೆಗೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮಂಗಳೂರು ಕನ್ನಡಕ್ಕೆ ಹತ್ತು ನಿಮಿಷದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಕುಂದಾಪ್ರ ಕನ್ನಡ ಸ್ವಲ್ಪ ಬೇಗ ಓಡುತ್ತದೆ, ‘ಕಾಂತಾರ’ಕ್ಕೆ ಬೇಕಾದರೆ ಕೆಳಗೆ ಅಕ್ಷರ ಹಾಕಿಕೊಳ್ಳಿ. ಪೂರ್ತಿ ತುಳು ಸಿನಿಮಾ ನೋಡುವ ಧೈರ್ಯ ಬಂದರೆ ಅಭಯ ಸಿಂಹ ಅವರ ‘ಪಡ್ಡಾಯಿ’ ಹುಡುಕಿ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ಇಲ್ಲಿನ ಮೀನುಗಾರರ ನಡುವೆ ತಂದಿದ್ದಾರೆ, ರಾಷ್ಟ್ರಪ್ರಶಸ್ತಿಯೂ ಸಿಕ್ಕಿದೆ.

‘ಸು ಫ್ರಮ್ ಸೋ’ ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಿ, ಒಬ್ಬರೇ ನೋಡಿದರೆ ಅರ್ಧ ಮಜಾ ಹೋಗುತ್ತದೆ. ‘ಮಿಥ್ಯ’ವನ್ನು ಫೋನ್ ಪಕ್ಕಕ್ಕಿಟ್ಟು, ಒಂದೇ ಸಲಕ್ಕೆ ನೋಡಿ. ಆಮೇಲೆ ಹೇಗನಿಸಿತು ಅಂತ ಇಲ್ಲೇ ಬರೆಯಿರಿ, ಹಿಡಿಸದಿದ್ದರೂ ಪರವಾಗಿಲ್ಲ. ಅದರ ಬಗ್ಗೆ ಮಾತಾಡಲು ನನಗೆ ಇನ್ನೂ ಜನ ಬೇಕು.