14ನೇ ಲೂಯಿಗೆ ಅಂಗಿ ಕೊಡೋರು ಯಾರು?

ಕಾಲೇಜು ನಾಟಕದಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿ ಬೆಳಗ್ಗೆ ಏಳುವ ದೃಶ್ಯ ಇದೆ, ಒಂದು ಕಡೆ ರಾಜಕುಮಾರ ಅಂಗಿ ಕೊಡ್ತಾನೆ ಅಂತಿದೆ, ಇನ್ನೊಂದು ಕಡೆ ಹೆಂಗಸರು ಕೊಡ್ತಾರೆ ಅಂತಿದೆ, ಯಾವುದು ಸರಿ ಅಂತ ಕೇಳಿದ್ದೀರಿ. ಬಹುಶಃ ಎರಡು ಕಾಲ ಬೆರೆತುಹೋಗಿದೆ. ಹೆಂಗಸರು ಅಂಗಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರೆ ಚಳಿಯಲ್ಲಿ ನಡುಗುತ್ತಾ ನಿಂತವಳು ರಾಣಿ ಮೇರಿ ಆಂಟೊನೆಟ್. ಅದು ಎಷ್ಟೋ ದಶಕಗಳ ನಂತರದ ಮಾತು.

ಮೊದಲು ಆ ಹೆಂಗಸರ ಪಾತ್ರ ತೆಗೆದುಬಿಡಿ. ಲೂಯಿಯ ಕೋಣೆಗೆ ಬರುತ್ತಿದ್ದ ಆಸ್ಥಾನಿಕರು ಗಂಡಸರು.

ಆಮೇಲೆ ಕಾಲ ಗೊತ್ತು ಮಾಡಿಕೊಳ್ಳಿ. 1701ರಿಂದ 1710ರ ನಡುವೆ ಇಟ್ಟರೆ ಒಳ್ಳೆಯದು. ವರ್ಸೇಲ್ಸ್ ಅರಮನೆಯ ನಟ್ಟನಡುವೆ ರಾಜನ ಮಲಗುವ ಕೋಣೆ ಬಂದಿದ್ದು 1701ರಲ್ಲಿ. ಲೂಯಿಯ ಹಿರಿಮಗ, ಅಂದ್ರೆ ಆ ರಾಜಕುಮಾರ, ತೀರಿಕೊಂಡಿದ್ದು 1711ರಲ್ಲಿ. ಅವನು ನಿಮಗೆ ಬೇಕೇ ಬೇಕು, ಯಾಕಂದ್ರೆ ಎದುರಿಗಿದ್ದರೆ ಅಂಗಿ ಕೊಡುವ ಹಕ್ಕು ಅವನದೇ.

ದೃಶ್ಯ ಶುರುವಾಗುವಾಗ ಜನ ಕಡಿಮೆ ಇರಲಿ. ಮುಖ್ಯ ಸೇವಕ ಎಬ್ಬಿಸುತ್ತಾನೆ, ವೈದ್ಯರು ನೋಡುತ್ತಾರೆ, ತಲೆ ಬಾಚುತ್ತಾರೆ. ಕ್ಷೌರ ದಿನ ಬಿಟ್ಟು ದಿನ. ನಂತರ ಬಾಗಿಲು ತೆರೆದು ಗುಂಪು ಬರಲಿ, ನಿಜಕ್ಕೂ ನೂರರಷ್ಟು ಜನ ಸೇರುತ್ತಿದ್ದರು. ಹಾಸಿಗೆಯ ಮುಂದೆ ಚಿನ್ನದ ಬಣ್ಣದ ಕಟಕಟೆ ಇಡಿ.

ಅಂಗಿಯ ಹೊತ್ತಿನಲ್ಲಿ ಅವಸರ ಬೇಡ. ಮಗ ಅಂಗಿ ನೀಡಲಿ, ಒಬ್ಬ ಸೇವಕ ಬಲತೋಳು ಹಾಕಿಸಲಿ, ಇನ್ನೊಬ್ಬ ಎಡತೋಳು. ರಾಜನ ಹತ್ತಿರ ನಿಲ್ಲೋದೇ ದೊಡ್ಡ ಮರ್ಯಾದೆ, ಅಲ್ವಾ? ಹಿಂದೆ ನಿಂತವರ ಕಣ್ಣಲ್ಲಿ ಆ ಆಸೆ ಕಾಣಬೇಕು. ಕೊನೆಗೆ ಎಲ್ಲರನ್ನೂ ರಾಜನ ಹಿಂದೆ ಕನ್ನಡಿ ಹಜಾರದ ಮೂಲಕ ಪ್ರಾರ್ಥನೆಗೆ ಹೊರಡಿಸಿ.