ಒಬ್ಬರು ಬಿಡಿಸಿ ಉಳಿದವರು ನಕಲು ಮಾಡಿದರೆ?

ಪ್ರಶ್ನೆ: ಪ್ರೌಢಶಾಲೆಯಲ್ಲಿ ಭೌತವಿಜ್ಞಾನದ ಲೆಕ್ಕಗಳನ್ನು ಐದೈದು ಮಕ್ಕಳ ಗುಂಪುಗಳಿಗೆ ಕೊಡುತ್ತೇನೆ. ಪ್ರತಿ ಗುಂಪಿನಲ್ಲೂ ಒಬ್ಬರೇ ಬಿಡಿಸುತ್ತಾರೆ, ಉಳಿದವರು ನೋಡಿ ಬರೆದುಕೊಳ್ಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಲೆಕ್ಕವನ್ನೇ ಬದಲಿಸಿ. ಆರಂಭದ ವೇಗ, ವೇಗೋತ್ಕರ್ಷ ಎರಡನ್ನೂ ಕೊಟ್ಟು ದೂರ ಕೇಳಿದರೆ, ಸೂತ್ರ ಬಲ್ಲವರಿಗೆ ಅದು ಅರೆ ನಿಮಿಷದ ಕೆಲಸ; ಗುಂಪಿಗೆ ಮಾತಾಡಲು ಏನೂ ಉಳಿಯುವುದಿಲ್ಲ. ಬದಲಿಗೆ ಹೀಗೆ ಕೇಳಿ: ಗಂಟೆಗೆ 72 ಕಿ.ಮೀ. ವೇಗದ ಕಾರು. 45 ಮೀಟರ್ ಮುಂದೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿದೆ. ಮರ ಕಂಡು ಬ್ರೇಕ್ ಒತ್ತಲು ಚಾಲಕನಿಗೆ 0.5 ಸೆಕೆಂಡು ಬೇಕು. ಆಮೇಲೆ ವೇಗ ಪ್ರತಿ ಸೆಕೆಂಡಿಗೆ 5 ಮೀ/ಸೆ ಇಳಿಯುತ್ತದೆ. ಡಿಕ್ಕಿ ತಪ್ಪುತ್ತದೆಯೇ? ಇಲ್ಲವಾದರೆ ಬಡಿಯುವಾಗ ವೇಗವೆಷ್ಟು?

ಅರೆ ಸೆಕೆಂಡನ್ನು ಮರೆತವರಿಗೆ 40 ಮೀಟರ್ ಬಂದು ಕಾರು ಉಳಿಯುತ್ತದೆ. 72 ಅನ್ನು 20 ಮೀ/ಸೆ ಮಾಡಿಕೊಳ್ಳದವರಿಗೆ 518 ಮೀಟರ್ ಬರುತ್ತದೆ! ಸರಿಯಾಗಿ ಮಾಡಿದರೆ ಬ್ರೇಕ್ ಒತ್ತುವ ಮೊದಲು 10, ಒತ್ತಿದ ಮೇಲೆ 40, ಒಟ್ಟು 50 ಮೀಟರ್; ಡಿಕ್ಕಿ ತಪ್ಪದು. 'ಐದೇ ಮೀಟರ್ ಸಾಲದು, ಮೆಲ್ಲಗೆ ತಾಗಬಹುದು' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮರದವರೆಗೆ ಬ್ರೇಕ್ ಹಿಡಿದು ಸಾಗುವುದು 45 − 10 = 35 ಮೀಟರ್; ಅದರ ಕೊನೆಗೆ ವೇಗದ ವರ್ಗ 20² − 2 × 5 × 35 = 400 − 350 = 50, ಅಂದರೆ ವೇಗ ಸುಮಾರು 7 ಮೀ/ಸೆ, ಗಂಟೆಗೆ 25 ಕಿ.ಮೀ. ವಾದ ಹುಟ್ಟುವುದು ಇಲ್ಲೇ.

ಗುಂಪಿಗೆ ಮೂವರು ಸಾಕು. ಇಬ್ಬರಾದರೆ ಇಬ್ಬರೂ ಒಟ್ಟಿಗೇ ಸಿಕ್ಕಿಕೊಳ್ಳುತ್ತಾರೆ. ನಾಲ್ವರಾದರೆ ಒಬ್ಬರು ಸುಮ್ಮನೆ ಕೂರುತ್ತಾರೆ. ಒಂದೇ ಹಾಳೆ, ಒಂದೇ ಪೆನ್ನು. ಒಬ್ಬರು ಸಮಯ ನೋಡಿಕೊಂಡು ಮುಂದೆ ನಡೆಸಲಿ, ಒಬ್ಬರು ಬರೆಯಲಿ, ಒಬ್ಬರು 'ಯಾಕೆ?' ಎಂದು ಶಂಕಿಸಲಿ. ಚುರುಕಿನವರ ಕೈಗೆ ಮೊದಲ ದಿನವೇ ಪೆನ್ನು ಕೊಡಬೇಡಿ, ಶಂಕಿಸುವ ಕೆಲಸ ಕೊಡಿ. ಮುಂದಿನ ಲೆಕ್ಕಕ್ಕೆ ಪಾತ್ರಗಳು ಅದಲುಬದಲಾಗಲಿ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು 1992ರಲ್ಲಿ ಪ್ರಕಟಿಸಿದ ಅಧ್ಯಯನವೂ ಬೇರೆ ಬೇರೆ ಮಟ್ಟದ ಮೂವರ ಗುಂಪನ್ನೇ ಮೆಚ್ಚಿತು. ಇಬ್ಬರು ಗಂಡುಮಕ್ಕಳ ನಡುವೆ ಒಬ್ಬಳೇ ಹುಡುಗಿ ಇದ್ದರೆ, ಅವಳೇ ಜಾಣೆಯಾಗಿದ್ದರೂ ಅವಳ ಮಾತು ನಡೆಯದೆಂಬುದನ್ನೂ ಅವರು ಕಂಡರು. ಗುಂಪು ಮಾಡುವಾಗ ಇದು ನೆನಪಿರಲಿ.

ಮೊದಲ ಐದು ನಿಮಿಷ ಸೂತ್ರ ಬರೆಯುವಂತಿಲ್ಲ. ಚಿತ್ರ, ಗೊತ್ತಿರುವುದು, ಬೇಕಾದದ್ದು, ಇಷ್ಟೇ. ಸಿಕ್ಕಿಕೊಂಡ ಗುಂಪಿಗೆ ಉತ್ತರ ಹೇಳದೆ, 'ಆ ಅರೆ ಸೆಕೆಂಡು ನಿಮ್ಮ ಚಿತ್ರದಲ್ಲಿ ಎಲ್ಲಿದೆ?' ಎಂದು, ಅದೂ ಪೆನ್ನು ಹಿಡಿಯದವರನ್ನು ಕೇಳಿ.

ಪ್ರಶ್ನೆ: ಅಂಕ ಕೊಡುವುದು ಹೇಗೆ?

ಉತ್ತರ: ಹಾಳೆಗೆ ಮೂವರಿಗೂ ಸಮಾನ ಅಂಕ, ಆದರೆ ಕಡಿಮೆ. ಮರುದಿನ ಅದೇ ತತ್ತ್ವದ ಬೇರೊಂದು ಲೆಕ್ಕವನ್ನು ಒಬ್ಬೊಬ್ಬರಿಗೇ ಕೊಟ್ಟು, ಹೆಚ್ಚಿನ ಅಂಕ ಅದಕ್ಕಿಡಿ.