ಗೆಳೆಯರು ಕೊಟ್ಟ ಕ್ಯಾಸೆಟ್‌ಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯ ಎಂ.ಸಿ.ಸಿ. ಬ್ಲಾಕಿನಲ್ಲಿ ವಾಸವಾಗಿರುವ ನಿವೃತ್ತ ಅಧ್ಯಾಪಕ. ನಮ್ಮ ಮನೆಯಲ್ಲಿ ಇನ್ನೂ ಕೆಲಸ ಮಾಡುವ ವಿಸಿಆರ್ ಇದೆ ಎಂಬುದು ತಿಳಿದ ಮೇಲೆ, ಕಳೆದ ಮೂರು ವರ್ಷಗಳಿಂದ ಸ್ನೇಹಿತರು ತಮ್ಮ ಮನೆಯ ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ‘ನಿಮ್ಮ ಹತ್ತಿರವೇ ಇರಲಿ ಮೇಷ್ಟ್ರೇ’ ಎಂದು ತಂದುಕೊಡುತ್ತಿದ್ದಾರೆ. ಎಂಬತ್ತಕ್ಕೂ ಹೆಚ್ಚು ಸೇರಿವೆ. ಮದುವೆ, ಜಾತ್ರೆ, ಶಾಲಾ ವಾರ್ಷಿಕೋತ್ಸವ, ಟಿ.ವಿ.ಯಿಂದ ಹಿಡಿದಿಟ್ಟ ಕಾರ್ಯಕ್ರಮ, ಎಲ್ಲವೂ ಇವೆ. ತೀರ್ಥಹಳ್ಳಿಯ ಗೆಳೆಯರೊಬ್ಬರು ಕಳೆದ ತಿಂಗಳು ಕೊಟ್ಟ ಹನ್ನೆರಡು ಕ್ಯಾಸೆಟ್‌ಗಳ ಒಳಗೆ ಬಿಳಿಯ ಪುಡಿ ಕಾಣುತ್ತಿದೆ. ಅವನ್ನು ಹಾಕಿ ನೋಡಬಹುದೇ? ಬಹಳಷ್ಟು ಕ್ಯಾಸೆಟ್‌ಗಳ ಮೇಲೆ ಚೀಟಿಯೇ ಇಲ್ಲ. ಇಷ್ಟನ್ನೂ ಹೇಗೆ ಇಟ್ಟುಕೊಳ್ಳಬೇಕು, ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಮಾನ್ಯರೇ, ಆ ಹನ್ನೆರಡನ್ನು ಇವತ್ತೇ ಉಳಿದವುಗಳಿಂದ ಬೇರ್ಪಡಿಸಿ, ಬೇರೆ ಕೋಣೆಯಲ್ಲಿಡಿ. ಯಾವ ಕಾರಣಕ್ಕೂ ಈಗ ವಿಸಿಆರ್‌ಗೆ ಹಾಕಬೇಡಿ. ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಾಗ, ಸುತ್ತಿದ ಟೇಪಿನ ಅಂಚಿನ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿಯ ಚುಕ್ಕೆಗಳೋ ಜೇಡನ ಬಲೆಯಂಥ ಎಳೆಗಳೋ ಕಂಡರೆ ಅದು ಬೂಷ್ಟು. ಬಹಳ ದಿನ ಇಟ್ಟ ಕೊಬ್ಬರಿಯ ಮೇಲೆ ಬರುವಂಥದ್ದೇ. ಗಾಳಿಯ ತೇವಾಂಶ ಶೇ 60ನ್ನು ಮೀರಿ ವಾರಗಟ್ಟಲೆ ಹಾಗೆಯೇ ನಿಂತಾಗ ಅದು ಬೆಳೆಯುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಅದನ್ನು ತಡೆಯುವುದು ಬಹಳ ಕಷ್ಟ. ನಮ್ಮ ಬಯಲುಸೀಮೆಯ ಮನೆಗಳಲ್ಲೇ ಇದ್ದ ಕ್ಯಾಸೆಟ್‌ಗಳಿಗೆ ಬೂಷ್ಟು ಕಡಿಮೆ, ಧೂಳು ಮತ್ತು ಬಿಸಿಲಿನ ತೊಂದರೆಯೇ ಹೆಚ್ಚು. ಉಡುಗೊರೆಯಾಗಿ ಬಂದ ಕ್ಯಾಸೆಟ್ ತಾನು ಇದ್ದ ಊರಿನ ಹವೆಯನ್ನೂ ಹೊತ್ತು ತರುತ್ತದೆ. ಆದ್ದರಿಂದ ಯಾರು ಕೊಟ್ಟರು ಎಂಬುದರ ಜೊತೆಗೆ, ಇಷ್ಟು ವರ್ಷ ಅದು ಯಾವ ಊರಿನಲ್ಲಿ, ಮನೆಯ ಯಾವ ಮೂಲೆಯಲ್ಲಿತ್ತು ಎಂದೂ ಕೇಳಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ ಸಾಗರದ ಕಡೆಯ ಗೆಳೆಯರೊಬ್ಬರು ತಮ್ಮೂರಿನ ನಾಟಕದ ಕ್ಯಾಸೆಟ್ಟನ್ನು ಪ್ರೀತಿಯಿಂದ ತಂದುಕೊಟ್ಟಿದ್ದರು. ನೋಡುವ ಆತುರದಲ್ಲಿ ನಾನು ಅದನ್ನು ಪರೀಕ್ಷಿಸದೆ ಆ ಸಂಜೆಯೇ ಹಾಕಿದೆ. ಇಪ್ಪತ್ತು ನಿಮಿಷ ಚಿತ್ರ ಚೆನ್ನಾಗಿಯೇ ಬಂದು, ಆಮೇಲೆ ಪರದೆಯ ತುಂಬ ಗೆರೆಗಳೆದ್ದು, ಪಾತ್ರಧಾರಿಯ ಮಾತು ಮಧ್ಯದಲ್ಲೇ ಕರಗಿಹೋಯಿತು. ಯಂತ್ರವನ್ನು ಒರೆಸದೆ ಮತ್ತೊಬ್ಬರ ಮದುವೆಯ ಕ್ಯಾಸೆಟ್ ಹಾಕಿದ್ದರಿಂದ ಆ ಪುಡಿ ಅದಕ್ಕೂ ಮೆತ್ತಿಕೊಂಡಿತು. ಎರಡೂ ನನ್ನ ಕೈಯಿಂದಲೇ ಹಾಳಾದವು. ಆ ನಾಟಕಕ್ಕೆ ಬೇರೆ ಪ್ರತಿ ಇರಲಿಲ್ಲ.

ಹೀಗಾಗುವುದೇಕೆಂದರೆ, ವಿಸಿಆರ್ ಒಳಗೆ 62 ಮಿಲಿಮೀಟರ್ ವ್ಯಾಸದ ಒಂದು ಉರುಟು ಡ್ರಮ್ಮು ಇರುತ್ತದೆ. ನಮ್ಮ ದೇಶದ ಟಿ.ವಿ. ಚಿತ್ರಗಳ ‘ಪಾಲ್’ ಎಂಬ ಪದ್ಧತಿಯಲ್ಲಿ ಅದು ನಿಮಿಷಕ್ಕೆ 1,500 ಸುತ್ತು ಸುತ್ತುತ್ತದೆ. ಅದರ ಅಂಚಿನಲ್ಲಿರುವ ಅತಿ ಸೂಕ್ಷ್ಮ ಹೆಡ್‌ಗಳು ಟೇಪನ್ನು ಓರೆಯಾಗಿ ಸವರುತ್ತ ಚಿತ್ರವನ್ನು ಓದುತ್ತವೆ. ಟೇಪು ಮಾತ್ರ ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ ನಿಧಾನವಾಗಿ ಸರಿಯುತ್ತಿರುತ್ತದೆ. ಆ ವೇಗದ ಹೆಡ್ಡಿಗೆ ಬೂಷ್ಟಿನ ಒಂದು ಕಣ ಸಿಕ್ಕಿದರೂ ಚಿತ್ರ ಮುಚ್ಚಿಹೋಗುತ್ತದೆ, ಟೇಪಿನ ಮೇಲಿನ ಲೇಪ ಗೀರಿಹೋಗುತ್ತದೆ. ಟೇಪು ಎಂದರೆ 12.7 ಮಿಲಿಮೀಟರ್ ಅಗಲದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನಂಥ ಪದಾರ್ಥದಲ್ಲಿ ಕಲಸಿ ಬಳಿದಿರುತ್ತಾರೆ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಇಂಥ ಪಟ್ಟಿ ಸುಮಾರು 250 ಮೀಟರ್ ಇರುತ್ತದೆ. ಲೇಪ ಹೋದ ಕಡೆ ಚಿತ್ರವೂ ಹೋದಂತೆಯೇ.

ಬೂಷ್ಟು ಹಿಡಿದವನ್ನು ರಟ್ಟಿನ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಣಗಿದ, ನೆರಳಿನ ಕೋಣೆಯಲ್ಲಿ ಎರಡು ಮೂರು ವಾರ ಇಡಿ. ಬಿಸಿಲಿಗೆ ಒಣಹಾಕಬೇಡಿ. ಒಣಗಿದ ಮೇಲೆ ಬೂಷ್ಟು ಬೆಳೆಯುವುದನ್ನು ನಿಲ್ಲಿಸುತ್ತದೆಯೇ ಹೊರತು ಅದರ ಪುಡಿ ಅಲ್ಲೇ ಇರುತ್ತದೆ. ಅದನ್ನು ತೆಗೆಯುವ ಕೆಲಸವನ್ನು ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮಾಡಬೇಕು. ಬೇರೆ ಪ್ರತಿಯಿಲ್ಲದ ಕ್ಯಾಸೆಟ್ ಆಗಿದ್ದರೆ ನೀವೇ ಕೈಹಾಕದೆ, ಇದನ್ನೇ ವೃತ್ತಿಯಾಗಿ ಮಾಡುವವರಿಗೆ ಒಪ್ಪಿಸುವುದು ಕ್ಷೇಮ.

ಉಳಿದ ಕ್ಯಾಸೆಟ್‌ಗಳನ್ನು ಕೈಗೆತ್ತಿಕೊಂಡಾಗ ಮೊದಲು ಮಾಡಬೇಕಾದ ಕೆಲಸ ಬಹಳ ಚಿಕ್ಕದು. ಕ್ಯಾಸೆಟ್ಟಿನ ಬೆನ್ನಿನ ಒಂದು ಮೂಲೆಯಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ತುಂಡು ಇದ್ದರೆ ಅದನ್ನು ಸ್ಕ್ರೂಡ್ರೈವರ್ ತುದಿಯಿಂದ ಮುರಿದುಬಿಡಿ. ಅದು ಇರುವವರೆಗೂ, ಬೆರಳು ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ಹಳೆಯದು ಅಳಿಸಿಹೋಗಿ ಹೊಸದು ಕೂರುತ್ತದೆ. ಮುರಿದ ಮೇಲೆ ಯಂತ್ರ ರೆಕಾರ್ಡ್ ಮಾಡಲು ಒಪ್ಪುವುದಿಲ್ಲ. ಮುರಿದ ಜಾಗಕ್ಕೆ ಯಾರಾದರೂ ಅಂಟುಪಟ್ಟಿ ಹಚ್ಚಿದ್ದರೆ, ಅದರ ಮೇಲೆ ಮತ್ತೊಮ್ಮೆ ರೆಕಾರ್ಡ್ ಮಾಡಲು ಹೊರಟಿದ್ದರು ಎಂದೇ ಅರ್ಥ. ಆ ಪಟ್ಟಿಯನ್ನು ಕಿತ್ತುಹಾಕಿ. ಅಂಥ ಕ್ಯಾಸೆಟ್ಟನ್ನು ಕೊನೆಯವರೆಗೂ ನೋಡಿ. ಹೊಸ ಸಿನಿಮಾ ಮುಗಿದ ಮೇಲೆ, ಹಿಂದಿನ ಯಾವುದೋ ನಾಮಕರಣದ ಕೊನೆಯ ಹತ್ತು ನಿಮಿಷ ಹಾಗೆಯೇ ಉಳಿದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ.

ಇಡುವ ಜಾಗದ ಬಗ್ಗೆ ಹೇಳುವುದಾದರೆ, ಅಟ್ಟ ಬೇಡ, ಮೇಲ್ಮಹಡಿಯ ಆರ್‌ಸಿಸಿ ಕೋಣೆಯೂ ಬೇಡ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆ, ಚಿತ್ರದುರ್ಗ ಈ ನಮ್ಮ ಎರಡೂ ಜಿಲ್ಲೆಗಳ ಮಾಡಿನ ಕೆಳಗೆ ಎಷ್ಟು ಕಾವು ಇರುತ್ತದೆ ಎಂಬುದು ನಿಮಗೆ ಗೊತ್ತಿರುವ ಸಂಗತಿ. ಆ ಕಾವಿಗೆ ಟೇಪಿನ ಲೇಪವನ್ನು ಹಿಡಿದಿರುವ ಅಂಟು ಬೇಗ ಕೆಡುತ್ತದೆ. ಚಿತ್ರದುರ್ಗದ ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಯ ನಡುಕೋಣೆಯಲ್ಲಿ ಇಟ್ಟ ಕ್ಯಾಸೆಟ್‌ಗಳು ನಾನು ಕಂಡವುಗಳಲ್ಲೆಲ್ಲ ಚೆನ್ನಾಗಿ ಉಳಿದಿವೆ, ಏಕೆಂದರೆ ಆ ಕೋಣೆಯ ತಂಪು ವರ್ಷವಿಡೀ ಹೆಚ್ಚು ಏರಿಳಿಯುವುದಿಲ್ಲ. ಕ್ಯಾಸೆಟ್‌ಗಳನ್ನು ಪುಸ್ತಕದಂತೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ಟೇಪು ಪೂರ್ತಿ ಒಂದೇ ಕಡೆಗೆ ಸುತ್ತಿರಲಿ. ದೊಡ್ಡ ಸ್ಪೀಕರ್‌ಗಳಲ್ಲಿ ಆಯಸ್ಕಾಂತ ಇರುವುದರಿಂದ ಅವುಗಳ ಪಕ್ಕದಲ್ಲಿ ಬೇಡ.

ಈಗ ಚೀಟಿಯಿಲ್ಲದ ಕ್ಯಾಸೆಟ್‌ಗಳ ವಿಷಯ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ತುರ್ತಿನದು. ಟೇಪು ಇನ್ನೂ ಕೆಲವು ವರ್ಷ ತಾಳೀತು. ಕೊಟ್ಟ ಗೆಳೆಯರ ನೆನಪಿನ ಬಗ್ಗೆ ಹಾಗೆ ಹೇಳಲಾಗದು, ಅವರೂ ನಿಮ್ಮ ವಯಸ್ಸಿನವರೇ. ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಕ್ಯಾಸೆಟ್ಟಿಗೂ ಒಂದು ಸಂಖ್ಯೆ ಕೊಡಿ. ಕೊಟ್ಟವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಅವರ ಎದುರಿಗೇ ಅದನ್ನು ಹಾಕಿ, ಅವರು ಹೇಳಿದಂತೆ ಬರೆದುಕೊಳ್ಳುತ್ತ ಹೋಗಿ. ‘ಅಕ್ಕಿಕಾಳು ಬೀಳುವ ಹೊತ್ತಿಗೆ ಎಡಗಡೆ ನಿಂತವರು ದೊಡ್ಡಮ್ಮ, ಆ ವಿಡಿಯೊ ಲೈಟಿನ ಝಳಕ್ಕೆ ಕಣ್ಣು ಮುಚ್ಚಿದ್ದಾರೆ’ ಎಂಬ ಮಾತು ಯಾವ ಚೀಟಿಯಲ್ಲೂ ಇರುವುದಿಲ್ಲ. ಬಹಳಷ್ಟು ಮದುವೆ ಕ್ಯಾಸೆಟ್‌ಗಳಲ್ಲಿ ವಿಡಿಯೊದವರು ಮೂಲ ಧ್ವನಿಯನ್ನು ತೆಗೆದು ಸಿನಿಮಾ ಹಾಡು ತುಂಬಿರುವುದರಿಂದ, ಕಾಣುವವರು ಯಾರೆಂದು ಅವರ ಮಾತಿನಿಂದ ಊಹಿಸುವುದೂ ಸಾಧ್ಯವಿಲ್ಲ.

ಕಾಲವನ್ನು ಗುರುತಿಸಲು ಕೆಲವು ಸುಳಿವುಗಳಿವೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಚಿತ್ರದಲ್ಲಿ ಕಾಣುವ ಬ್ಯಾನರಿನಲ್ಲಾಗಲಿ ಲಗ್ನಪತ್ರಿಕೆಯಲ್ಲಾಗಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದ್ದರೆ ಅದು ಬಹುಮಟ್ಟಿಗೆ ಅದಕ್ಕಿಂತ ಹಿಂದಿನದು. ದಾವಣಗೆರೆಯ ದುರ್ಗಾಂಬಿಕಾ ದೇವಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವುದರಿಂದ, ಜಾತ್ರೆಯ ಕ್ಯಾಸೆಟ್ ಯಾವ ವರ್ಷದ್ದೆಂಬ ಊಹೆ ಅರ್ಧಕ್ಕೆ ಇಳಿಯುತ್ತದೆ. ಪರದೆಯ ಮೂಲೆಯಲ್ಲಿ ಮೂಡುವ ತಾರೀಕನ್ನು ಮಾತ್ರ ನಂಬಿ ಕೂರಬೇಡಿ, ಕ್ಯಾಮೆರಾದ ಗಡಿಯಾರವನ್ನು ಸರಿಯಾಗಿ ಇಟ್ಟುಕೊಂಡವರು ಕಡಿಮೆ.

ಪ್ರಶ್ನೆ: ಅಮೆರಿಕದಲ್ಲಿರುವ ಗೆಳತಿ ಕಳಿಸಿದ ಕ್ಯಾಸೆಟ್ ನಮ್ಮ ವಿಸಿಆರ್‌ನಲ್ಲಿ ಬಣ್ಣವಿಲ್ಲದೆ, ಮೇಲಿಂದ ಕೆಳಕ್ಕೆ ಉರುಳುತ್ತ ಕಾಣುತ್ತದೆ. ಟೇಪು ಕೆಟ್ಟಿದೆಯೇ? (ಓದುಗರೊಬ್ಬರು, ಹಿರಿಯೂರು)

ಉತ್ತರ: ಕೆಟ್ಟಿರಲಾರದು. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಚಿತ್ರದಲ್ಲಿ 525 ಗೆರೆಗಳು, ನಮ್ಮ ಪಾಲ್ ಪದ್ಧತಿಯಲ್ಲಿ 625. ಎರಡನ್ನೂ ಓದುವ ‘ಮಲ್ಟಿ ಸಿಸ್ಟಮ್’ ಎಂದು ಬರೆದಿರುವ ವಿಸಿಆರ್ ಬೇಕು. ಕೊಲ್ಲಿ ದೇಶಗಳಿಂದ ನಮ್ಮವರು ತಂದ ಯಂತ್ರಗಳಲ್ಲಿ ಇಂಥವು ಸಿಗುತ್ತವೆ, ಪರಿಚಿತರಲ್ಲಿ ವಿಚಾರಿಸಿ. ವಿಎಚ್‌ಎಸ್ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿಯೆಂದು ಹೆಸರಾದ ಜಪಾನಿನ ಫುನೈ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಆದ್ದರಿಂದ ಇನ್ನು ಸಿಗುವುದೆಲ್ಲ ಹಳೆಯದೇ. ಯಾವುದೇ ಹಳೆಯ ಯಂತ್ರ ಮನೆಗೆ ಬಂದಾಗ ಮೊದಲು, ಹಾಳಾದರೂ ಚಿಂತೆಯಿಲ್ಲದ ಸಿನಿಮಾ ಕ್ಯಾಸೆಟ್ ಒಂದನ್ನು ಹಾಕಿ ಪೂರ್ತಿ ಓಡಿಸಿ, ರಿವೈಂಡ್ ಮಾಡಿ, ಟೇಪನ್ನು ನುಂಗುವುದಿಲ್ಲವೆಂದು ಖಚಿತವಾದ ಮೇಲೆ ಗೆಳತಿಯ ಕ್ಯಾಸೆಟ್ ಹಾಕಿ.

ಪ್ರಶ್ನೆ: ಕಳೆದ ವರ್ಷ ತೀರಿಕೊಂಡ ನನ್ನ ಬಾಲ್ಯದ ಗೆಳೆಯ, ಅದಕ್ಕೂ ಮೊದಲು ತನ್ನ ತಂಗಿಯ ಮದುವೆಯ ಕ್ಯಾಸೆಟ್ಟನ್ನು ನನಗೆ ಕೊಟ್ಟಿದ್ದ. ಅದರಲ್ಲಿ ನಾವಿಬ್ಬರೂ ಬಡಿಸುತ್ತಿರುವ ದೃಶ್ಯವಿದೆ. ಅದನ್ನು ಕಂಪ್ಯೂಟರಿಗೆ ಇಳಿಸಿ, ಎಲ್ಲರೂ ನೋಡುವಂತೆ ಯೂಟ್ಯೂಬಿನಲ್ಲಿ ಹಾಕಬಹುದೇ? (ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ಇಳಿಸಿ, ತಡಮಾಡಬೇಡಿ. ಹಾಕುವ ಮೊದಲು ಆ ತಂಗಿಯ ಮನೆಗೆ ಹೋಗಿ ಕೇಳಿ. ಕ್ಯಾಸೆಟ್ ನಿಮಗೆ ಉಡುಗೊರೆಯಾಗಿ ಬಂದದ್ದು ನಿಜ, ಆದರೆ ಅದರಲ್ಲಿರುವ ಚಿತ್ರದ ಹಕ್ಕು ಅದರೊಂದಿಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಹಣ ಕೊಟ್ಟು ಚಿತ್ರೀಕರಣ ಮಾಡಿಸಿದವರೇ ಅದರ ಮೊದಲ ಹಕ್ಕುದಾರರು, ಅಂದರೆ ಆ ಕುಟುಂಬ. ಮೇಲೆ ತುಂಬಿರುವ ಸಿನಿಮಾ ಹಾಡುಗಳ ಹಕ್ಕು ಬೇರೆಯವರದು. ಕಾಯ್ದೆಯ ಮಾತು ಹಾಗಿರಲಿ, ಮದುವೆಯ ದಿನದ ಆ ಹೆಣ್ಣುಮಗಳ ಕಣ್ಣೀರನ್ನು ಊರಿನವರೆಲ್ಲ ನೋಡಬೇಕೇ ಎಂಬುದನ್ನು ಆಕೆಯೇ ಹೇಳಬೇಕು. ಸ್ವಂತಕ್ಕೆ ನೋಡಿಕೊಳ್ಳಲು ಒಂದು ಪ್ರತಿ ಇಟ್ಟುಕೊಳ್ಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಇಳಿಸುವಾಗ ಟಿ.ವಿ. ಪರದೆಯನ್ನು ಮೊಬೈಲಿನಲ್ಲಿ ಹಿಡಿಯಬೇಡಿ, ಚಿತ್ರ ಮಿನುಗುತ್ತದೆ, ಕೋಣೆಯ ಸದ್ದೂ ಸೇರುತ್ತದೆ. ವಿಸಿಆರ್ ಹಿಂಭಾಗದ ಹಳದಿ ಮತ್ತು ಧ್ವನಿಯ ಪಿನ್ನುಗಳಿಂದ ವೈರ್ ಎಳೆದು, ಯುಎಸ್‌ಬಿ ಕ್ಯಾಪ್ಚರ್ ಉಪಕರಣದ ಮೂಲಕ ಕಂಪ್ಯೂಟರಿಗೆ ಕೊಡಿ. ಚಿತ್ರದ ಅಳತೆ ಅಡ್ಡಕ್ಕೆ 720, ಉದ್ದಕ್ಕೆ 576 ಪಿಕ್ಸೆಲ್ ಇರಲಿ. ಡಿವಿ ಎಂಬ ಡಿಜಿಟಲ್ ವಿಡಿಯೊ ರೂಪದಲ್ಲಿ ಉಳಿಸಿದರೆ ಗಂಟೆಗೆ ಸುಮಾರು 13 ಜಿಬಿ ಬೇಕಾಗುತ್ತದೆ. ಆ ಮೂಲಪ್ರತಿಯನ್ನು ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿಟ್ಟು, ನೋಡಲು ಬೇರೆ ಚಿಕ್ಕ ಪ್ರತಿ ಮಾಡಿಕೊಳ್ಳಿ. ಅದಕ್ಕೂ ಮೊದಲು ಹೆಡ್ ಒರೆಸಬೇಕು. ನಾರು ಬಿಡದ ಬಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಡ್ರಮ್ಮಿಗೆ ಮೆಲ್ಲನೆ ತಾಗಿಸಿ ಕದಲದಂತೆ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನೇ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ, ಹತ್ತಿಯ ಕಡ್ಡಿ ಬಳಸಿದರೆ ಎಳೆ ಸಿಕ್ಕಿಕೊಳ್ಳುತ್ತದೆ.

ಪ್ರತಿ ಸಿದ್ಧವಾದ ಮೇಲೆ ಕ್ಯಾಸೆಟ್ಟನ್ನು ಎಸೆಯಬೇಡಿ. ಅದರ ಬೆನ್ನಿನ ಮೇಲೆ ನಿಮ್ಮ ಗೆಳೆಯನ ಕೈಬರಹವಿದ್ದರೆ ಅದನ್ನೂ ಒಂದು ಫೋಟೊ ತೆಗೆದಿಡಿ. ತಂಗಿಗೆ ಪೆನ್‌ಡ್ರೈವಿನಲ್ಲಿ ಕೊಡುವಾಗ ಆಕೆಯ ಮನೆಯ ಟಿ.ವಿ.ಗೆ ಚುಚ್ಚಿದರೆ ನೇರವಾಗಿ ಓಡುವಂತೆ ಎಂಪಿ4 ಆಗಿಸಿ ಕೊಡಿ, ಮತ್ತು ಅಣ್ಣ ಬಡಿಸುತ್ತಿರುವ ದೃಶ್ಯ ಎಷ್ಟನೆಯ ನಿಮಿಷದಲ್ಲಿ ಬರುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ.